ಗಾಜಿನಾಚೆಯ ಹೆಗಡೆಯವರು

ರೇಡಿಯೋ ಕೆಲಸಕ್ಕೆ ಸೇರಿದ ಮೊದಲ ದಿನ ನನಗೆ ಮಾತಾಡುವುದನ್ನು ಯಾರೂ ಕಲಿಸಲಿಲ್ಲ, ಕೆಮ್ಮುವುದನ್ನು ಕಲಿಸಿದರು. ಮೈಕಿನ ಮುಂದೆ ಕೆಮ್ಮು ಬಂದರೆ ಎಡಗೈಯಿಂದ ಧ್ವನಿಯ ಗುಂಡಿಯನ್ನು ಪೂರ್ತಿ ಇಳಿಸಬೇಕು, ಮುಖ ತಿರುಗಿಸಿ ಕೆಮ್ಮಬೇಕು, ಗುಂಡಿ ಏರಿಸಿ ಏನೂ ಆಗದವರ ಹಾಗೆ ವಾಕ್ಯ ಮುಂದುವರಿಸಬೇಕು. ಕೇಳುಗರಿಗೆ ಅದು ವಿಚಾರ ಮಾಡಿ ತಡೆದ ಹಾಗೆ ಕೇಳಿಸಬೇಕು. ನಾನು ಇದನ್ನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ನೆಗಡಿಯಾದ ವಾರವೆಲ್ಲ ನನ್ನ ಓದು ಬಹಳ ಗಂಭೀರವಾಗಿತ್ತು ಎಂದು ಕಾಗದಗಳು ಬರುತ್ತಿದ್ದವು.

ಈಗ ಮೈಕಿನ ಮುಂದೆ ಹೊಸದಾಗಿ ಕೂರುವ ಹುಡುಗ ಹುಡುಗಿಯರು ಫೋನ್ ಮಾಡಿ, "ಮೇಡಂ, ಈ ಕೆಲಸ ನಿಜವಾಗಿ ಹೇಗಿರುತ್ತೆ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂಬುದು ನನ್ನ ಸ್ವಂತ ತಮ್ಮನಿಗೇ ನೆನಪಿಲ್ಲ, ಆದ್ದರಿಂದ ಅದನ್ನು ಬಿಡುತ್ತೇನೆ. ನನ್ನ ಹೆಸರು ಜುಬೇದಾ. ಹುಟ್ಟೂರು ಯಲ್ಲಾಪುರ. ಅಪ್ಪ ಲಾರಿ ಓಡಿಸುತ್ತಿದ್ದರು, ತಮ್ಮ ಇಸ್ಮಾಯಿಲನೂ ಓಡಿಸಿದ. ನಾನು ಮಾತ್ರ ಒಂದೇ ಕಡೆ ಕೂತು ಊರೂರು ಸುತ್ತುವ ಕೆಲಸ ಹಿಡಿದೆ. ಉದ್ಘೋಷಕಿಯಾಗಿ ಸೇರಿದ ನಿಲಯದ ಹೆಸರು ಇಲ್ಲಿ ಬೇಡ. ಅದರ ಮಾಳಿಗೆ ಸೋರುತ್ತಿತ್ತು ಎಂದು ಮುಂದೆ ಬರೆಯಬೇಕಾಗುತ್ತದೆ.

ಉದ್ಘೋಷಕಿಯ ಕೋಣೆಗೂ ಯಂತ್ರಗಳ ಕೋಣೆಗೂ ನಡುವೆ ಒಂದು ದಪ್ಪ ಗಾಜು. ಆಚೆ ಕೂರುತ್ತಿದ್ದವರು ವೆಂಕಟ್ರಮಣ ಹೆಗಡೆ, ಸಿದ್ದಾಪುರ ತಾಲ್ಲೂಕಿನವರು, ಧ್ವನಿ ನೋಡಿಕೊಳ್ಳುವ ಇಂಜಿನಿಯರು. ಪಾಳಿಯಲ್ಲಿ ನಾವು ಮಾತಾಡುವಂತಿರಲಿಲ್ಲ, ಎಲ್ಲ ಕೈಸನ್ನೆಯಲ್ಲೇ. ಬೆರಳು ಸುತ್ತಿಸಿದರೆ ಮುಂದಿನ ಹಾಡು ತಯಾರಿದೆ. ಎರಡು ಅಂಗೈ ದೂರ ಸರಿಸಿದರೆ ಮಾತು ಎಳೆಯಿರಿ, ಹಾಡು ಇನ್ನೂ ಸಿಕ್ಕಿಲ್ಲ. ಇವು ಎಲ್ಲ ನಿಲಯಗಳಲ್ಲೂ ಇದ್ದ ಸನ್ನೆಗಳು. ಹೆಗಡೆಯವರೇ ಕಂಡುಹಿಡಿದದ್ದು ಒಂದಿತ್ತು: ಎರಡು ಬೆರಳಿನಿಂದ ಮೂಗು ಹಿಡಿದರೆ ಪಾಟೀಲ ಸರ್ ಬರುತ್ತಿದ್ದಾರೆ ಎಂದರ್ಥ.

ಪಾಟೀಲ ಸರ್ ನಮ್ಮ ಕಾರ್ಯಕ್ರಮಗಳ ಮುಖ್ಯಸ್ಥರು, ಬನವಾಸಿ ಕಡೆಯ ಒಕ್ಕಲು ಮನೆತನದವರು. ಇಸ್ತ್ರಿ ಮಾಡಿದ ಅಂಗಿಯಂಥ ಮನುಷ್ಯ, ಎಲ್ಲಿಯೂ ಮಡಿಕೆ ತಪ್ಪುತ್ತಿರಲಿಲ್ಲ. ನಾನು ಸೇರಿದ ಹೊಸದರಲ್ಲಿ ಒಂದು ಹಾಡಿನ ನಂತರ "ನನಗೆ ಬಹಳ ಇಷ್ಟವಾದ ಹಾಡು" ಎಂದುಬಿಟ್ಟೆ. ಪಾಳಿ ಮುಗಿಯುವುದರೊಳಗೆ ಕರೆ ಬಂತು.

"ಬರ್ರಿ, ಕೂಡ್ರಿ. ನೋಡ್ರಿ ಬಾಯಾರ, ಅಲ್ಲಿ ಕೇಳವ್ರದಾರ, ಇಲ್ಲಿ ನಿಲಯ ಐತಿ. ನಡುವ ಈ ನಾನು ಅನ್ನಾವ್ರು ಯಾರು?"

ನಾನು ತಲೆ ತಗ್ಗಿಸಿ ಹೊರಗೆ ಬಂದೆ. ಅಂದಿನಿಂದ ನಿವೃತ್ತಿಯ ದಿನದವರೆಗೆ ಮೈಕಿನ ಮುಂದೆ 'ನಾನು' ಎಂಬ ಶಬ್ದ ನನ್ನ ಬಾಯಿಂದ ಬರಲಿಲ್ಲ.

ಒಮ್ಮೆ ಮಳೆಗಾಲದಲ್ಲಿ ಸ್ಟುಡಿಯೋದ ಮಾಳಿಗೆ ಸೋರಿತು. ಸರಿಯಾಗಿ ನನ್ನ ಮೇಜಿನ ಪಕ್ಕಕ್ಕೇ. ಕಸಗುಡಿಸುವಾಕೆ ಒಂದು ತಗಡಿನ ಬಕೆಟ್ ತಂದಿಟ್ಟು ಹೋದಳು. ನನ್ನ ಕೈಗೆ ಬಂದ ಹವಾಮಾನ ವರದಿಯನ್ನು ಯಾರು ಎಲ್ಲಿಂದ ಬರೆದಿದ್ದರೋ ದೇವರೇ ಬಲ್ಲ. ನಾನು ಓದಿದೆ: "ಜಿಲ್ಲೆಯಾದ್ಯಂತ ಒಣಹವೆ..." ಬಕೆಟ್ ಟಪ್ ಎಂದಿತು. "...ಮುಂದುವರಿಯುವ ಸಾಧ್ಯತೆಯಿದೆ." ಟಪ್, ಟಪ್. ಗಾಜಿನಾಚೆ ನೋಡಿದೆ. ಹೆಗಡೆಯವರು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಿದ್ದರು, ಭುಜ ಮಾತ್ರ ಕುಣಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಕೆಮ್ಮಿಗೆ ಕಲಿಸಿದ್ದರು, ನಗುವಿಗೆ ಕಲಿಸಿರಲಿಲ್ಲವಲ್ಲ. ಜಿಲ್ಲೆಯೆಲ್ಲ ಕೇಳುವಂತೆ ನಕ್ಕೆ. ಅವರು ಹೇಗೋ ಕೈ ಚಾಚಿ ಸಿತಾರ್ ಹಾಕಿದರು. ಆ ಸಿತಾರ್ ನಡುವೆಯೂ ಬಕೆಟ್ಟು ತಾಳ ಹಾಕುತ್ತಿತ್ತು, ನಾನು ಗುಂಡಿ ಇಳಿಸುವುದನ್ನೇ ಮರೆತಿದ್ದೆ.

ಪಾಟೀಲ ಸರ್ ಕಾರಣ ಕೇಳಿ ನೋಟೀಸು ಕಳಿಸಿದರು. "ಒಣಹವೆಯ ವಾರ್ತೆಯನ್ನು ಓದುವಾಗ ನನ್ನ ಪಕ್ಕಕ್ಕೇ ನೀರು ಬೀಳುತ್ತಿತ್ತು" ಎಂದು ಉತ್ತರ ಬರೆದೆ. ಅವರು ಅದನ್ನು ಓದಿ, ಪೆನ್ನಿನಿಂದ 'ನನ್ನ' ಎಂಬುದನ್ನು ಹೊಡೆದು 'ಉದ್ಘೋಷಕಿಯ' ಎಂದು ತಿದ್ದಿ ಫೈಲಿಗೆ ಸೇರಿಸಿದರು.

ನಮ್ಮ ಕಾಲದಲ್ಲಿ ಉದ್ಘೋಷಕರು ಹೆಸರು ಹೇಳುವ ರೂಢಿ ಇರಲಿಲ್ಲ. ಕೇಳುವವರು ದನಿಗೆ ತಮಗೆ ಬೇಕಾದ ಮುಖ ಹಚ್ಚಿಕೊಳ್ಳುತ್ತಿದ್ದರು. ಒಂದು ದಿನ ಸಿದ್ದಾಪುರದ ಕಡೆಯಿಂದ ಒಬ್ಬ ಹಿರಿಯರು ಕೊಡೆ, ಕೈಚೀಲ ಹಿಡಿದು ನಿಲಯಕ್ಕೇ ಬಂದರು. ಪಾಟೀಲ ಸರ್ ಎದುರು ಕೂತು, "ಬೆಳಿಗ್ಗೆ ಓದ್ತಲ ಒಂದು ಕೂಸು, ಅದರ ಜಾತಕ ಬೇಕಾಗಿತ್ತು. ನಮ್ಮ ತಮ್ಮನ ಮಾಣಿಗೆ" ಎಂದರು. ಅವರ ಮಾತಿನಲ್ಲಿ ಕೂಸು ಎಂದರೆ ಹುಡುಗಿ, ಮಾಣಿ ಎಂದರೆ ಹುಡುಗ. ಸರ್ ನನ್ನನ್ನು ಕರೆಸಿದರು. ಮುಖದಲ್ಲಿ ಒಂದು ಗೆರೆಯೂ ಅಲುಗದೆ, "ಇವರೇ ನೋಡ್ರಿ ಆ ದನಿ. ಜುಬೇದಾ ಅಂತ" ಎಂದರು.

ಆ ಹಿರಿಯರು ನನ್ನನ್ನು ನೋಡಿದರು, ಸರ್ ಮುಖ ನೋಡಿದರು, ತಾವು ತಂದ ಜಾತಕವನ್ನು ನಿಧಾನವಾಗಿ ಮಡಿಸಿ ಕಿಸೆಗೆ ಇಟ್ಟುಕೊಂಡರು. "ಆನು ಸ್ವರ ನಮ್ಮನೇದೇ ಹೇಳಿ ತಿಳ್ಕಂಡಿದ್ದಿ" ಎಂದರು. ಬಾಗಿಲ ತನಕ ಹೋದವರು ತಿರುಗಿ ಬಂದು, ಚೀಲದಿಂದ ಹಲಸಿನ ಹಪ್ಪಳದ ಕಟ್ಟೊಂದನ್ನು ತೆಗೆದು ನನ್ನ ಕೈಗಿಟ್ಟರು. "ತಗ ತಂಗಿ. ಇದಕ್ಕೆ ಜಾತಕ ಬೇಡ."

ಆ ಹಪ್ಪಳವನ್ನು ಸುಟ್ಟು ತಿಂದದ್ದು ಯಂತ್ರದ ಕೋಣೆಯಲ್ಲಿ, ಹೆಗಡೆಯವರೊಡನೆ. ನಾನು ಯಲ್ಲಾಪುರದವಳಾದ್ದರಿಂದ ಅವರು ನನ್ನ ಜೊತೆ ತಮ್ಮ ಮನೆಯ ಮಾತನ್ನೇ, ಆ ಹಿರಿಯರಾಡಿದಂಥ, 'ನಾನು' ಎನ್ನಲು 'ಆನು' ಎನ್ನುವ ಮಾತನ್ನೇ ಆಡುತ್ತಿದ್ದರು. ನನಗೆ ಅದು ಅರ್ಥವಾಗುತ್ತಿತ್ತು, ನಾನು ಆಡಿದರೆ ಮಾತ್ರ ಅವರಿಗೆ ನಗು ಬರುತ್ತಿತ್ತು.

ಊರೂರಿಗೆ ಹೋಗಿ ಧ್ವನಿಮುದ್ರಣ ಮಾಡುವುದೇ ಈ ಕೆಲಸದ ಹಬ್ಬ. ಉಮ್ಮಚಗಿಯಲ್ಲಿ ಒಬ್ಬ ಅಜ್ಜಿ ಮದುವೆಯ ಹಾಡುಗಳನ್ನು ಹಾಡಿದರು. ಎಂಥ ಸ್ವರ! ಮುಗಿದ ಮೇಲೆ ಹೆಗಡೆಯವರು ಟೇಪು ಹಿಂದೆ ಸುತ್ತಿ ಕೇಳಿಸಿದರು. ಅಜ್ಜಿ ತಲೆ ಓರೆ ಮಾಡಿ ಕೇಳಿ, "ಇದು ಯಾರು?" ಎಂದರು.

"ನೀವೇ ಅಜ್ಜಿ."

"ಆನಲ್ಲ. ಇದು ಚೊಲೋ ಹಾಡ್ತಿಲ್ಲೆ. ಎರಡನೇ ಸಾಲು ತಪ್ಪು." ಆಮೇಲೆ ಯಂತ್ರದ ಕಡೆಗೆ ಬಾಗಿ, ತಿದ್ದಿ ಹಾಡಿ ತೋರಿಸಿದರು. ಯಂತ್ರ ಮತ್ತೆ ಹಳೆಯದನ್ನೇ ಹಾಡಿತು. ಅಜ್ಜಿಗೆ ಸಿಟ್ಟು ಬಂತು. "ಹೇಳಿದ್ದು ಕೇಳ್ತಿಲ್ಲೆ ಇದು!"

ಹೊಸಬರೇ, ನಿಮ್ಮ ದನಿ ಮೊದಲ ಸಲ ಕೇಳಿದಾಗ ನಿಮಗೂ ಹೀಗೇ ಆಗುತ್ತದೆ. ಹೆದರಬೇಡಿ. ನಾನಂತೂ ಉಪಾಯ ಮಾಡಿಕೊಂಡೆ, ನನ್ನ ಕಾರ್ಯಕ್ರಮಗಳನ್ನು ನಾನು ಎಂದೂ ಕೇಳಲೇ ಇಲ್ಲ. ಈ ಅಭ್ಯಾಸದಿಂದ ಮುಂದೆ ಒಂದು ಫಜೀತಿ ಆಯಿತು.

ಟೇಪಿನ ಕಾಲದಲ್ಲಿ ಮಾತಿನ ನಡುವಿನ "ಆಂ... ಊಂ..." ಗಳನ್ನು ಬ್ಲೇಡಿನಿಂದ ಕತ್ತರಿಸಿ, ತುದಿಗೆ ತುದಿ ಅಂಟಿಸಬೇಕಿತ್ತು. ಹೆಗಡೆಯವರ ಕುತ್ತಿಗೆಯ ಸುತ್ತ ಯಾವಾಗಲೂ ಟೇಪಿನ ತುಂಡುಗಳು ನೇತಾಡುತ್ತಿದ್ದವು. ಒಮ್ಮೆ ಒಬ್ಬ ಮುಖಂಡರ ಭಾಷಣದಿಂದ ತೆಗೆದ "ಆಂ"ಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ನನಗೆ ಕೇಳಿಸಿದ್ದರು. ಭಾಷಣಕ್ಕಿಂತ ಅದೇ ಚೆನ್ನಾಗಿತ್ತು. ಆಮೇಲೆ ಕಂಪ್ಯೂಟರ್ ಬಂತು. ಪರದೆಯ ಮೇಲೆ ದನಿ ಬೆಟ್ಟದ ಸಾಲಿನ ಹಾಗೆ ಕಾಣುತ್ತಿತ್ತು. ಕಿವಿಗಿಂತ ಕಣ್ಣಿಗೆ ಕೆಲಸ ಜಾಸ್ತಿಯಾಯಿತು. ವಯಸ್ಸಾದವರಿಗೆ ಹೊಸ ಪದ್ಧತಿ ಕಷ್ಟ ಎಂದು ಎಲ್ಲರೂ ಅಂದುಕೊಂಡರೆ, ಹೆಗಡೆಯವರು ಎರಡೇ ವಾರದಲ್ಲಿ ಕಲಿತುಬಿಟ್ಟರು. ಅವರಿಗೆ ಅಷ್ಟು ಅವಸರ ಯಾಕಿತ್ತು ಎಂದು ಆಗ ನಮಗೆ ಹೊಳೆಯಲಿಲ್ಲ.

ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ನಿವೃತ್ತರಾದೆವು. ನಾನು ಮದುವೆಯಾದವಳಲ್ಲ. ಯಲ್ಲಾಪುರದಲ್ಲಿ ಇಸ್ಮಾಯಿಲನ ಮನೆಯ ಪಕ್ಕದ ಎರಡು ಕೋಣೆಗೆ ಬಂದು ಸೇರಿದೆ. ಒಂದು ವರ್ಷ ಸುಮ್ಮನೆ ಕೂತೆ. ಆಮೇಲೆ ಮೊಬೈಲಿನಲ್ಲಿ ಜನ ಸ್ವಂತ ರೇಡಿಯೋ ನಡೆಸುತ್ತಾರೆ, ಅದಕ್ಕೆ ಪಾಡ್‌ಕಾಸ್ಟ್ ಎನ್ನುತ್ತಾರೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ ಎಂದು ತಿಳಿಯಿತು. ಯಾರ ಅಪ್ಪಣೆಯೂ ಬೇಡ! ಆ ಮಾತು ಕೇಳಿ ನನಗೆ ಹದಿನೆಂಟರ ಹುಡುಗಿಯ ಹಾಗೆ ಕುಣಿಯುವಂತಾಯಿತು. ಹೆಗಡೆಯವರಿಗೆ ಫೋನ್ ಮಾಡಿದೆ. ಅವರ ಹೆಂಡತಿ ಸರಸ್ವತಿ ಎತ್ತಿ, ವಿಷಯ ಕೇಳಿ, "ಕಳಿಸ್ತೆ, ಇಟ್ಕಳಿ" ಎಂದರು. ಮರುದಿನವೇ ಹೆಗಡೆಯವರು ಬೈಕಿನ ಹಿಂದೆ ಮೈಕಿನ ಪೆಟ್ಟಿಗೆ ಕಟ್ಟಿಕೊಂಡು ಹಾಜರು.

ಸ್ಟುಡಿಯೋ ಎಲ್ಲಿ? ನನ್ನ ಕೋಣೆಗೆ ರಸ್ತೆಯ ಸದ್ದು, ಇಸ್ಮಾಯಿಲನ ಮನೆಯಲ್ಲಿ ಮಿಕ್ಸಿಯ ಸದ್ದು. ಹೆಗಡೆಯವರು ಪ್ರತಿಧ್ವನಿ ಪರೀಕ್ಷಿಸಲು ಅಂಗಳವೆಲ್ಲ ಚಪ್ಪಾಳೆ ತಟ್ಟುತ್ತ ತಿರುಗಿ, ಕಡೆಗೆ ಹಿತ್ತಿಲಿನಲ್ಲಿ ನಿಂತಿದ್ದ ತಮ್ಮನ ಹಳೆಯ ಲಾರಿ ಹತ್ತಿದರು. ಅರಬೈಲ್ ಘಟ್ಟ ಹತ್ತಿ ಇಳಿದು ದಣಿದು ನಿವೃತ್ತಿಯಾದ ಲಾರಿ ಅದು. ಕ್ಯಾಬಿನ್ನಿನ ತುಂಬ ದಪ್ಪ ರೆಕ್ಸಿನ್ ಮೆತ್ತೆ. ಕಿಟಕಿಗಳಿಗೆ ಕಂಬಳಿ ಕಟ್ಟಿದರೆ ಪಿನ್ನು ಬಿದ್ದರೂ ಕೇಳಬೇಕು, ಅಷ್ಟು ನಿಶ್ಶಬ್ದ. ಕಾರ್ಯಕ್ರಮಕ್ಕೆ 'ನಿಂತ ಲಾರಿ' ಎಂದು ಹೆಸರಿಟ್ಟೆವು.

ಮೊದಲ ಪ್ರಯತ್ನ ಹಾಳಾಯಿತು. ನಾನು ಸ್ಟೇರಿಂಗಿನ ಮುಂದೆ ಕೂತು, "ಕೇಳುಗರಿಗೆ ನಮಸ್ಕಾರ. ಉದ್ಘೋಷಕಿಯ ಬಾಲ್ಯವು ಯಲ್ಲಾಪುರದಲ್ಲಿ ಕಳೆಯಿತು" ಎಂದು ವಾರ್ತೆಯಂತೆ ಓದಿದೆ. 'ನಾನು' ಎನ್ನಬೇಕಾದ ಕಡೆಯೆಲ್ಲ ಪಾಟೀಲ ಸರ್ ಪೆನ್ನು ಹಿಡಿದು ಬಂದು ನಿಲ್ಲುತ್ತಿದ್ದರು. ಹೆಗಡೆಯವರು ಗಾಡಿಯ ಇನ್ನೊಂದು ಬದಿಯಲ್ಲಿ ಕೂತು ಮುಂದೆ ಹೋಗಿ ಎಂದು ಬೆರಳು ಸುತ್ತಿಸುತ್ತಿದ್ದರು, ನಾನು ತಲೆ ಆಡಿಸುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನನಗೇ ನಗು ಬಂತು. "ಹೆಗಡೆಯವರೇ, ನಡುವೆ ಗಾಜಿಲ್ಲ. ಬಾಯಿ ಬಿಟ್ಟೇ ಹೇಳಬಹುದು!"

ಅವರೂ ನಕ್ಕರು. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಾವು ತಿರುಗಿ ನನಗೆ ನೇರ ಎದುರಾಗಿ ಕೂತರು. "ಯಂಗೆ ಹೇಳಿ. ಆ ಬಕೆಟ್ಟಿನ ಕಥೆ ಹೇಳಿ." ಕೇಳುಗರಿಗಲ್ಲ, ತಮಗೆ ಹೇಳಿ ಎಂದರ್ಥ. ಅವರಿಗೆ ಗೊತ್ತಿದ್ದ ಕಥೆಯನ್ನೇ ಅವರಿಗೆ ಹೇಳಿದೆ. ಎರಡು ವಾಕ್ಯ ಮುಗಿಯುವುದರೊಳಗೆ 'ನಾನು' ತಾನೇ ಬಂತು. ಹೀಗೆ ಶುರುವಾದ ಕಾರ್ಯಕ್ರಮ ಹಬ್ಬಿತು. ಹುಬ್ಬಳ್ಳಿ ರಸ್ತೆಯ ಲಾರಿಯವರು ಕೇಳಿದರು, ಸಿರ್ಸಿ ಪೇಟೆಯ ಅಂಗಡಿಯವರು ಕೇಳಿದರು. ಈ ಬರಹ ಶುರುವಾದದ್ದೂ ಆಗಲೇ. ಮೈಕಿನಲ್ಲಿ ಹೇಳಿದ್ದನ್ನು ಬೆಳಿಗ್ಗೆ ಎದ್ದು ಬರೆದಿಡುತ್ತಿದ್ದೆ.

ಹೀಗಿರುವಾಗ ಒಂದು ದಿನ ಇಸ್ಮಾಯಿಲ್ ಊಟಕ್ಕೆ ಕೂತು ಕೇಳಿದ, "ಆಪಾ, ಜೀರುಂಡೆಗೂ ಮೈಕ್ ಕೊಟ್ಟಿದೀಯಾ?"

ಸೀಟಿನ ಕೆಳಗೆ ಒಂದು ಜೀರುಂಡೆ ಸೇರಿಕೊಂಡಿದ್ದು ನನಗೆ ಮುದ್ರಣದ ಹೊತ್ತಿನಲ್ಲೇ ಗೊತ್ತಾಗಿತ್ತು. ಹೆಗಡೆಯವರಿಗೆ ಕಣ್ಣಿನಲ್ಲೇ ಸೂಚಿಸಿದ್ದೆ, ಅವರು "ಎಲ್ಲ ಸ್ವಚ್ಛ ಇದ್ದು" ಎಂದಿದ್ದರು. ತೆಗೆದಿರುತ್ತಾರೆ ಎಂದುಕೊಂಡೆ. ಈಗ ಮೊದಲ ಬಾರಿಗೆ ನನ್ನದೇ ಕಾರ್ಯಕ್ರಮ ಹಾಕಿ ಕೇಳಿದೆ. ಮೊದಲಿನಿಂದ ಕೊನೆಯವರೆಗೆ ಜೀರುಂಡೆ, ನಡುನಡುವೆ ನಾನು. ಕೇಳುಗರೊಬ್ಬರು, "ಕಾರ್ಯಕ್ರಮ ಚೊಲೋ ಇದೆ, ಹಿನ್ನೆಲೆ ಸಂಗೀತ ಸ್ವಲ್ಪ ಕಡಿಮೆ ಮಾಡಿ" ಎಂದು ಬರೆದಿದ್ದರು. ನಗುತ್ತಿದ್ದವಳು ಒಮ್ಮೆಲೇ ಕಾರ್ಯಕ್ರಮ ನಿಲ್ಲಿಸಿದೆ. ಟೇಪಿನ ಮೇಲೆ ಸೊಳ್ಳೆ ಹಾರಿದರೂ ಹಿಡಿಯುತ್ತಿದ್ದ ಕಿವಿ ಹೆಗಡೆಯವರದು.

ಮುಂದಿನ ಸಲ ಅವರು ಬಂದಾಗ ನಾನು ಕಿಟಕಿಯ ಕಡೆ ಮುಖ ಮಾಡಿ, ಕಂಬಳಿ ಸರಿಪಡಿಸುವವಳ ಹಾಗೆ ಕೇಳಿದೆ: "ಹೆಗಡೆಯವರೇ, ಚಹಾ ತರಿಸಲಾ?" ಚಹಾವನ್ನು ಎಂದೂ ಬೇಡವೆಂದ ಮನುಷ್ಯನಲ್ಲ. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದೆ. ಇಲ್ಲ. ತಿರುಗಿ ನೋಡಿದೆ. ಅವರು ಮೈಕಿನ ತಂತಿ ಬಿಡಿಸುತ್ತಿದ್ದವರು ತಲೆಯೆತ್ತಿ, ನನ್ನ ಮುಖ ನೋಡಿ, ಕೈ ನಿಲ್ಲಿಸಿದರು.

"ಗೊತ್ತಾತ ನಿಂಗಕ್ಕೆ?"

ನಾನು ತಲೆಯಾಡಿಸಿದೆ.

"ಕಡೇ ವರ್ಷಗಳಲ್ಲೇ ಶುರುವಾಗಿತ್ತು. ಪರದೆ ಮೇಲೆ ಕಾಣ್ತಿತ್ತು, ನಡೀತಿತ್ತು. ನಿಂಗಳ ಬಾಯಿ ಅಂತೂ ಗಾಜಿನಾಚೆಯಿಂದ ಓದಿ ಓದಿ ಪಾಠ ಆಗೋಗಿತ್ತು. ಸಣ್ಣ ಸಣ್ಣ ಸದ್ದು ಈಗ ಪೂರ್ತಿ ಹೋಯ್ದು." ಕೈಯಲ್ಲಿದ್ದ ತಂತಿ ಸುತ್ತುತ್ತ, "ಧ್ವನಿ ನೋಡಂವಂಗೇ ಕೇಳ್ತಿಲ್ಲೆ ಅಂದ್ರೆ ಎಂತ ಹೇಳದು?" ಎಂದರು. ಮುದ್ರಣದ ಯಂತ್ರವನ್ನು ನನ್ನ ಮಡಿಲಲ್ಲಿ ಇಟ್ಟು, ಲಾರಿಯಿಂದ ಇಳಿದು, ಬೈಕ್ ಹತ್ತಿ ಹೋಗಿಬಿಟ್ಟರು. ಫೋನ್ ಮಾಡಿದರೆ ಎತ್ತಲಿಲ್ಲ.

ನಾನೊಬ್ಬಳೇ ಕ್ಯಾಬಿನ್ನಿನಲ್ಲಿ ಕೂತು ನೋಡಿದೆ. ಸ್ಟೇರಿಂಗಿಗೆ ಕಥೆ ಹೇಳಲು ಬರುವುದಿಲ್ಲ. ಮಾತು ಮತ್ತೆ ವಾರ್ತೆಯಾಯಿತು. ಮೂರನೆಯ ದಿನಕ್ಕೆ ಸಾಕಾಗಿ ಸಿರ್ಸಿಯಲ್ಲಿ ಬಸ್ಸು ಬದಲಿಸಿ ಸಿದ್ದಾಪುರಕ್ಕೆ ಹೋದೆ. ಮೈಕು, ಯಂತ್ರ ಎಲ್ಲ ಚೀಲದಲ್ಲಿ.

ಸರಸ್ವತಿ ಬಾಗಿಲಲ್ಲೇ, "ಬನ್ನಿ ಮೇಡಂ. ಅವು ಬಂದಾಗಿಂದ ಬಾಯಿ ಬಿಟ್ಟಿದ್ವಿಲ್ಲೆ" ಎಂದರು. ಹೆಗಡೆಯವರು ಜಗಲಿಯ ಮೂಲೆಯಲ್ಲಿದ್ದರು. ನಾನು ಎದುರಿಗೆ ಕುರ್ಚಿ ಎಳೆದು ಕೂತು, ಬಾಯಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ: "ಇನ್ನು ಮೇಲೆ ಯಂತ್ರ ನಾನು ನೋಡ್ತೇನೆ. ಮಾತು ನೀವಾಡಿ."

"ಯನ್ನ ಸ್ವರ ಯಾರು ಕೇಳ್ತ? ಒಂದು ದಿನ ಮೈಕಿನ ಮುಂದೆ ಕೂತವನಲ್ಲ."

"ಅದಕ್ಕೇ ಹೇಳ್ತಿರೋದು."

"ಆಗ್ತಿಲ್ಲೆ."

ಸರಸ್ವತಿ ಒಳಗಿನಿಂದ ಬಂದು ಗಂಡನ ಎದುರು ನಿಂತರು. "ಊರವರ ಸ್ವರ ಎಲ್ಲ ಹಿಡ್ದಾತು. ನಿಂಗಳ ಸ್ವರ ಒಂದು ಸಲ ಮೇಡಂ ಹಿಡೀಲಿ ಬಿಡಿ. ಇಲ್ದಿದ್ರೆ ಆನೇ ಮೈಕಿನ ಮುಂದೆ ಕೂತು ನಿಂಗಳ ಸುದ್ದಿ ಎಲ್ಲ ಹೇಳ್ತೆ!"

ಹೆಗಡೆಯವರು ದಿಗಿಲಿನಿಂದ ಒಪ್ಪಿಕೊಂಡರು.

ಕೋಣೆಯ ಬಾಗಿಲು ಮುಚ್ಚಿ ಕೂತೆವು. ಮೊದಲು ತಡವರಿಸಿದರು, ಆಮೇಲೆ ಹರಿದರು. ಘಟ್ಟದಲ್ಲಿ ಲಾರಿ ಬ್ರೇಕು ಕೂಗುವ ಬಗೆ, ಬ್ಲೇಡು ಟೇಪಿನ ಮೇಲೆ ಎಳೆದಾಗಿನ ಕಿರಿಕಿರಿ, ತಮಗೆ ಈಗ ಕೇಳಿಸದ ಒಂದೊಂದು ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸಿದರು. ಹಿರಿಯ ಕಲಾವಿದರ ಗೊರಕೆ, ಪಾಟೀಲ ಸರ್ ಚಪ್ಪಲಿ, ಒಂದೂ ಬಿಡಲಿಲ್ಲ. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಎಲ್ಲ ಮುಗಿದ ಮೇಲೆ ನೋಡಿದರೆ ಮುದ್ರಣದ ಗುಂಡಿಯನ್ನೇ ಒತ್ತಿರಲಿಲ್ಲ!

ಅವರು ನನ್ನನ್ನೂ ಯಂತ್ರವನ್ನೂ ನೋಡಿದರು. ಇಷ್ಟು ವರ್ಷದ ನೌಕರಿಯಲ್ಲಿ ಅವರ ಮುಖದ ಮೇಲೆ ಅಂಥ ಆನಂದ ನಾನು ಕಂಡಿರಲಿಲ್ಲ. "ಇಂಜಿನಿಯರಿಗೆ ನೋಟೀಸು ಕೊಡವು" ಎಂದರು. ಕೊಡಲೇಬೇಕಿತ್ತು, ಇಂಜಿನಿಯರು ಈಗ ನಾನೇ ಅಲ್ಲವೇ.

ಎರಡನೆಯ ಸಲ ಗುಂಡಿ ಒತ್ತಿದೆ. ಹೆದರಿಕೆ ಪೂರ್ತಿ ಹೋಗಿತ್ತಲ್ಲ, ಮೊದಲ ಸಲ ಹೇಳದ್ದನ್ನೂ ಹೇಳಿದರು. "ರಂಜಾನ್ ತಿಂಗಳಲ್ಲಿ ಮೇಡಂಗೆ ಸಂಜೆ ಪಾಳಿ ಬಂದ್ರೆ, ಆನು ಉದ್ದ ಶಹನಾಯಿನೇ ಹುಡ್ಕಿ ಹಾಕ್ತಿದ್ದಿ. ಸಣ್ಣ ಹಾಡು ಹಾಕಿರೆ ಇವಕ್ಕೆ ಒಂದು ಖರ್ಜೂರ ತಿಂದು ನೀರು ಕುಡಿಯಕ್ಕೂ ಪುರಸೊತ್ತಾಗ್ತಿತ್ತಿಲ್ಲೆ. ಪಾಟೀಲ ಸರ್ ಕೇಳಿದ್ರು, ಈ ತಿಂಗಳು ಶಹನಾಯಿ ಜಾಸ್ತಿ ಆತಲ ಹೇಳಿ. ಕೇಳುಗರ ಕಾಗದ ಬಂಜು ಸರ್, ಅಂದಿ. ಒಂದು ಕಾಗದನೂ ಬಂದಿತ್ತಿಲ್ಲೆ."

ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ. ಅಷ್ಟು ವರ್ಷವೂ ಆ ಶಹನಾಯಿಯನ್ನು ನಾನು ನನ್ನ ಅದೃಷ್ಟ ಅಂದುಕೊಂಡಿದ್ದೆ. ಏನೋ ಹೇಳಲು ತಲೆಯೆತ್ತಿದೆ. ಅವರು ಆಗಲೇ ಮುಂದಿನ ಕಥೆಗೆ ಹೋಗಿದ್ದರು.

ಆ ಕಂತು ಹೋದ ಮರುದಿನ ಬನವಾಸಿ ಕಡೆಯಿಂದ ಫೋನ್ ಬಂತು. ದನಿ ಸ್ವಲ್ಪ ನಡುಗುತ್ತಿತ್ತು, ಮಡಿಕೆ ಮಾತ್ರ ತಪ್ಪಿರಲಿಲ್ಲ. "ಬಾಯಾರ, ಪಾಟೀಲ. ಕಾಗದ ಬಂದಿದ್ದಿಲ್ಲಂತ ನನಗ ಆವಾಗ್ಲೇ ಗೊತ್ತಿತ್ತು ಅಂತ ಹೆಗಡೆಗ ಹೇಳ್ರಿ." ಆಮೇಲೆ ಒಮ್ಮೆ ಕೆಮ್ಮಿ, "ನನಗೂ ಶಹನಾಯಿ ಸೇರತಿತ್ತು ಬಿಡ್ರಿ" ಎಂದು ಇಟ್ಟುಬಿಟ್ಟರು.

ಈಗ ಒಂದು ಕಂತು ಲಾರಿಯಲ್ಲಿ, ಒಂದು ಸಿದ್ದಾಪುರದಲ್ಲಿ. ಮಾತು ಹೆಚ್ಚು ಅವರದೇ. ನಾನು ಸಾಕು ಎಂದು ಸನ್ನೆ ಮಾಡಿದರೆ ಕಾಣದವರ ಹಾಗೆ ಮುಂದುವರಿಸುತ್ತಾರೆ. ಕಿವಿ ತೋರಿಸಲು ಸಿರ್ಸಿಗೆ ಹೋಗಲೂ ಕಡೆಗೆ ಒಪ್ಪಿದರು. "ನಿಂಗ ಜೊತೆಗಿದ್ರೆ ಅವು ಅರ್ಧ ದಾರಿಲಿ ಇಳಿದು ಓಡಿಬತ್ವಿಲ್ಲೆ" ಎಂದು ಸರಸ್ವತಿ ನನ್ನನ್ನೇ ಕಾವಲಿಗೆ ಕಳಿಸಿದರು. ಕಳೆದ ವಾರ ಸಿದ್ದಾಪುರದಿಂದ ಬಸ್ಸು ಹತ್ತಿದೆವು. ಬಸ್ಸು ತುಂಬಿತ್ತು. ಕಂಡಕ್ಟರ್ ಬಂದಾಗ ನಾನು ನನ್ನ ಅತ್ಯಂತ ಸ್ಪಷ್ಟವಾದ, ಇಡೀ ಜಿಲ್ಲೆ ಕೇಳಿದ ದನಿಯಲ್ಲಿ, "ಎರಡು ಸಿರ್ಸಿ" ಎಂದೆ. ಆತ ಟಿಕೆಟ್ ಯಂತ್ರದಿಂದ ಕಣ್ಣೆತ್ತಲಿಲ್ಲ.

ನಾನು ಕೇಳಿದ್ದು ಹೆಗಡೆಯವರಿಗೆ ಕೇಳಿಸಿರಲಿಲ್ಲ. ಅವರು ತಮ್ಮಷ್ಟಕ್ಕೆ, ಕಿವಿ ಮಂದವಾದವರು ಮಾತಾಡುವ ಗಟ್ಟಿ ದನಿಯಲ್ಲಿ, "ಸಿರ್ಸಿ ಎರಡು ಕೊಡೋ ಮಾರಾಯ" ಎಂದರು.

ಕಂಡಕ್ಟರನ ಕೈ ನಿಂತಿತು. ತಿರುಗಿ ನೋಡಿ, "ನೀವು ನಿಂತ ಲಾರಿ ಹೆಗಡೇರಲ್ಲೇನ್ರೀ? ದನಿ ಕೇಳಿದ ಕೂಡ್ಲೇ ಗೊತ್ತಾತು!" ಎಂದ. ಹಿಂದಿನ ಸೀಟಿನವರು ಬಗ್ಗಿ ನೋಡಿದರು. ಮುಂದಿನ ಸೀಟಿನ ಹೆಂಗಸು, "ಆ ಗೊರಕೆ ಮಾಡಿದ್ರಲ, ಅವರೇ!" ಎಂದರು.

ಹೆಗಡೆಯವರು ಎಲ್ಲರ ಮುಖ ನೋಡಿ ಗಾಬರಿಯಾಗಿ ನನ್ನ ಕಡೆ ತಿರುಗಿದರು. "ಎಂತ ಹೇಳ್ದ? ಚಿಲ್ಲರೆ ಇಲ್ಯಡ?"

ನಾನು ಅವರ ಎದುರಿಗೆ ಮುಖ ತಂದು ನಿಧಾನವಾಗಿ ಹೇಳಿದೆ: "ನಿಮ್ಮ ದನಿ ಗುರುತು ಹಿಡಿದರು."

ಅವರಿಗೆ ತಿಳಿಯಿತು. ಕಿವಿಯ ತುದಿಯವರೆಗೆ ಕೆಂಪಾದದ್ದನ್ನು ನಾನೇ ನೋಡಿದೆ. ಆದರೂ ಕಿಟಕಿಯ ಆಚೆ ನೋಡುವವರ ಹಾಗೆ ಮಾಡಿ, ಮತ್ತೆ ಇತ್ತ ತಿರುಗಿ, "ಎಂತ?" ಎಂದರು.

ಎರಡನೆಯ ಸಲ ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ.